ಕೊನೆಯ ಕೆಲವು ಅಡಿ ಪೈಪು: ವಾಷಿಂಗ್ಟನ್ ನಲ್ಲಿಗಳಿಗೆ ಸೀಸ ಬಂದ ಕತೆ

ಪುಣೆ, ಹೈದರಾಬಾದ್, ಚೆನ್ನೈ, ನೀವು ಎಲ್ಲೇ ಇರಿ, ಬಾಡಿಗೆ ಮನೆ ನೋಡೋಕೆ ಹೋದಾಗ ಕೇಳುವ ಮೊದಲ ಪ್ರಶ್ನೆಗಳಲ್ಲಿ ಒಂದು ನೀರಿನದು. ಕಾರ್ಪೊರೇಷನ್ ನೀರಾ, ಬೋರ್‌ವೆಲ್ಲಾ, ಟ್ಯಾಂಕರ್ರಾ? ಅಂದರೆ ನೀರು ಎಲ್ಲಿಂದ ಬರುತ್ತೆ ಅಂತ ಕೇಳ್ತೀವಿ. ಯಾವುದರ ಮೂಲಕ ಬರುತ್ತೆ ಅಂತ ಯಾರೂ ಕೇಳೋದಿಲ್ಲ. ಇವತ್ತಿನ ಚರಿತ್ರೆ ಆ ಎರಡನೇ ಪ್ರಶ್ನೆಯದು.

ಜಾಗ ಅಮೆರಿಕದ ರಾಜಧಾನಿ ವಾಷಿಂಗ್ಟನ್. ಕಾಲ 2000ದಿಂದ 2010. ಶ್ವೇತಭವನ ಇರುವ ಊರು, ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎಯ ಮುಖ್ಯ ಕಚೇರಿ ಇರುವ ಊರು. ಅಂಥ ಊರಿನ ಸಾವಿರಾರು ಮನೆಗಳ ಕುಡಿಯುವ ನೀರಿನಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ಸೀಸ ಹರೀತಾ ಇತ್ತು. ನದಿಯಲ್ಲಿ ಸೀಸ ಇರಲಿಲ್ಲ. ಶುದ್ಧೀಕರಣ ಘಟಕದಿಂದ ಹೊರಟ ನೀರಿನಲ್ಲೂ ಇರಲಿಲ್ಲ. ಹಾಗಾದರೆ ಎಲ್ಲಿಂದ ಬಂತು, ಅಷ್ಟು ದಿನ ಯಾಕೆ ಗೊತ್ತಾಗಲಿಲ್ಲ ಅನ್ನೋದೇ ಕತೆ.

ಸೀಸದ ಪೈಪು ಯಾಕೆ ಬಂತು?

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. ಲ್ಯಾಟಿನ್ ಭಾಷೆಯಲ್ಲಿ ಸೀಸಕ್ಕೆ ಪ್ಲಂಬಮ್ ಅಂತಾರೆ. ನಮ್ಮ ಪ್ಲಂಬರ್ ಅನ್ನೋ ಪದ ಹುಟ್ಟಿದ್ದು ಅಲ್ಲಿಂದ. ರೋಮನ್ನರು ಸೀಸದ ಹಾಳೆಯನ್ನು ಸುತ್ತಿ, ಅಂಚು ಬೆಸೆದು ಕೊಳವೆ ಮಾಡ್ತಿದ್ದರು. ಇದು ಒಳ್ಳೇದಲ್ಲ ಅಂತ ಆಗಲೇ ಹೇಳಿದವರೂ ಇದ್ದರು. ಎರಡು ಸಾವಿರ ವರ್ಷದ ಹಿಂದಿನ ರೋಮನ್ ವಾಸ್ತುಶಿಲ್ಪಿ ವಿಟ್ರೂವಿಯಸ್, ಸೀಸದ ಕೆಲಸ ಮಾಡುವವರ ಮೈಬಣ್ಣ ಬಿಳಿಚಿಕೊಂಡಿರುವುದನ್ನು ತೋರಿಸಿ, ನೀರಿಗೆ ಮಣ್ಣಿನ ಕೊಳವೆಯೇ ವಾಸಿ ಅಂತ ಬರೆದ.

ಆದರೂ ಸೀಸ ಉಳೀತು. ಕಾರಣ ಸರಳ: ಮೆತ್ತಗಿರುತ್ತೆ, ಬೇಕಾದ ಹಾಗೆ ಬಗ್ಗುತ್ತೆ, ಕಬ್ಬಿಣದ ಹಾಗೆ ತುಕ್ಕು ಹಿಡಿಯಲ್ಲ, ನೆಲ ಕುಸಿದರೂ ಬೇಗ ಒಡೆಯಲ್ಲ, ದಶಕಗಟ್ಟಲೆ ಬಾಳುತ್ತೆ. ಹತ್ತೊಂಬತ್ತನೇ ಶತಮಾನದಲ್ಲಿ ಅಮೆರಿಕದ ಊರುಗಳು ನಲ್ಲಿ ನೀರು ಹಾಕಿಸಿಕೊಳ್ಳುವಾಗ, ರಸ್ತೆಯ ಮುಖ್ಯ ಕೊಳವೆಯಿಂದ ಮನೆಗೆ ಹೋಗುವ ತುಂಡಿಗೆ ಇಂಜಿನಿಯರುಗಳು ಇಷ್ಟಪಟ್ಟು ಆರಿಸಿದ್ದು ಸೀಸವನ್ನೇ. ಅಲ್ಲಿ ಇದನ್ನು ಸರ್ವಿಸ್ ಲೈನ್ ಅಂತಾರೆ. ಆ ಶತಮಾನ ಮುಗಿಯುವ ಹೊತ್ತಿಗೆ ಮ್ಯಾಸಚೂಸೆಟ್ಸ್ ರಾಜ್ಯದ ಲೋವೆಲ್‌ನಂಥ ಗಿರಣಿ ಊರುಗಳಲ್ಲಿ ನಲ್ಲಿ ನೀರಿನಿಂದಲೇ ಸೀಸದ ವಿಷ ಏರಿದ್ದು ದಾಖಲಾಗಿತ್ತು. ಆದರೆ ಉದ್ಯಮ ಸುಮ್ಮನಿರಲಿಲ್ಲ. 1928ರಲ್ಲಿ ಹುಟ್ಟಿದ ಸೀಸ ಉದ್ಯಮಗಳ ಸಂಘ ಊರೂರಿಗೆ ಜನ ಕಳಿಸಿ, ಪ್ಲಂಬಿಂಗ್ ನಿಯಮಗಳಲ್ಲಿ ಸೀಸ ಉಳಿಯೋ ಹಾಗೆ ನೋಡಿಕೊಂಡಿತು. ಶಿಕಾಗೋದಲ್ಲಂತೂ ಮನೆಯ ಸರ್ವಿಸ್ ಲೈನ್ ಸೀಸದ್ದೇ ಇರಬೇಕು ಅನ್ನೋ ನಿಯಮ 1986ರಲ್ಲಿ ದೇಶವೇ ಅದನ್ನು ನಿಷೇಧಿಸುವವರೆಗೂ ಇತ್ತು. ಹೊಸ ಪೈಪು ನಿಂತಿತು, ಹಳೇದು ನೆಲದಡಿಯಲ್ಲೇ ಉಳೀತು. ವಾಷಿಂಗ್ಟನ್‌ನಲ್ಲಿ ಅಂಥ ಸುಮಾರು 23,000 ಪೈಪುಗಳು ಇದ್ದವು.

ಇಲ್ಲೊಂದು ಪ್ರಶ್ನೆ ಬರುತ್ತೆ. ಸೀಸದ ಪೈಪು ಇದ್ದರೂ ಎಲ್ಲ ಊರಲ್ಲೂ ಎಲ್ಲ ಕಾಲದಲ್ಲೂ ಜನ ಯಾಕೆ ವಿಷ ಕುಡಿಯಲಿಲ್ಲ? ಉತ್ತರ ಪೈಪಿನ ಒಳಗೋಡೆಯಲ್ಲಿದೆ. ಬಿಸಿನೀರು ಕಾಯಿಸೋ ಹಂಡೆಯ ಒಳಗೆ ಬಿಳಿ ಪೊರೆ ಕಟ್ಟೋದನ್ನ ನೋಡಿರ್ತೀರಿ. ಸೀಸದ ಪೈಪಿನೊಳಗೂ ವರ್ಷಗಳು ಕಳೆದಂತೆ ಒಂದು ಪೊರೆ ಕಟ್ಟುತ್ತೆ, ಅದು ಸೀಸದ್ದೇ ಸಂಯುಕ್ತಗಳ ಪೊರೆ. ಆ ಪೊರೆ ನೀರಿನಲ್ಲಿ ಕರಗದೆ ಗಟ್ಟಿಯಾಗಿ ಕೂತಿರುವಷ್ಟು ದಿನ ನೀರಿಗೂ ಲೋಹಕ್ಕೂ ನೇರ ಸಂಪರ್ಕ ಇಲ್ಲ. ಕರಗುತ್ತಾ ಇಲ್ಲವಾ ಅನ್ನೋದನ್ನು ನಿರ್ಧರಿಸೋದು ನೀರಿನ ರಸಾಯನ. ಅಂದರೆ ಇಡೀ ಊರಿನ ರಕ್ಷಣೆ ಯಾರೂ ಯೋಜಿಸದ, ಯಾರ ನಕ್ಷೆಯಲ್ಲೂ ಇಲ್ಲದ ಒಂದು ತೆಳು ಪದರದ ಮೇಲೆ ನಿಂತಿತ್ತು. ನಾವು ಸಾಫ್ಟ್‌ವೇರ್‌ನವರಿಗೆ ಇದು ಚೆನ್ನಾಗಿ ಅರ್ಥ ಆಗುತ್ತೆ: ದಾಖಲೆಯಲ್ಲಿ ಇಲ್ಲದ ಡಿಪೆಂಡೆನ್ಸಿ.

ನವೆಂಬರ್ 2000ದ ಬದಲಾವಣೆ

ವಾಷಿಂಗ್ಟನ್‌ಗೆ ನೀರು ಬರೋದು ಪೊಟೋಮ್ಯಾಕ್ ನದಿಯಿಂದ. ಶುದ್ಧ ಮಾಡೋದು ಸೇನೆಯ ಇಂಜಿನಿಯರಿಂಗ್ ವಿಭಾಗದ ಕೈಕೆಳಗಿನ ವಾಷಿಂಗ್ಟನ್ ಅಕ್ವಡಕ್ಟ್. ಮನೆಗಳಿಗೆ ಹಂಚೋದು ಆಗ ವಾಸಾ ಅಂತ ಕರೆಯುತ್ತಿದ್ದ ನಗರದ ಜಲಮಂಡಳಿ. ಇಬ್ಬರ ಮೇಲೂ ಕಣ್ಣಿಡೋದು ಇಪಿಎ. ಮೂರು ಸಂಸ್ಥೆ, ಒಂದೇ ನೀರು.

ದಶಕಗಳಿಂದ ಅಲ್ಲಿ ಕ್ಲೋರಿನ್ ಬಳಸುತ್ತಿದ್ದರು. ಕ್ಲೋರಿನ್ ರೋಗಾಣುಗಳನ್ನು ಕೊಲ್ಲುತ್ತೆ, ಆದರೆ ನದಿ ನೀರಿನ ಸಾವಯವ ಕಸದ ಜೊತೆ ಸೇರಿ ಕ್ಯಾನ್ಸರ್ ಶಂಕೆ ಇರುವ ಕೆಲವು ಉಪವಸ್ತುಗಳನ್ನೂ ಹುಟ್ಟುಹಾಕುತ್ತೆ. ಅವುಗಳ ಮೇಲಿನ ಮಿತಿ ಬಿಗಿಯಾಗ್ತಾ ಬಂತು. ಅದಕ್ಕೆ ನವೆಂಬರ್ 2000ದಲ್ಲಿ ಕ್ಲೋರಿನ್ ಬದಲು ಕ್ಲೋರಮಿನ್ ಹಾಕಲು ಶುರು ಮಾಡಿದರು. ಕ್ಲೋರಿನ್ ಜೊತೆ ಅಮೋನಿಯಾ ಸೇರಿದರೆ ಬರುವ ವಸ್ತು ಅದು. ಉಪವಸ್ತುಗಳು ಕಡಿಮೆಯಾದವು. ಒಳ್ಳೆ ಉದ್ದೇಶ, ಒಳ್ಳೆ ಫಲಿತಾಂಶ. ಅಳೆಯಬೇಕು ಅಂತಿದ್ದ ಅಂಕಿ ಸುಧಾರಿಸಿತು.

ಆದರೆ ಪೈಪಿನೊಳಗೆ ಬೇರೆಯೇ ಆಯಿತು. ಕ್ಲೋರಿನ್ ಬಲವಾದ ಆಕ್ಸಿಡೀಕಾರಕ. ದಶಕಗಳ ಕಾಲ ಅದು ಸೀಸದ ಗೋಡೆಯ ಮೇಲೆ ಲೆಡ್ ಡೈಆಕ್ಸೈಡ್ ಪದರ ಕಟ್ಟಿತ್ತು. ಅದು ನೀರಿನಲ್ಲಿ ಬಹುತೇಕ ಕರಗೋದೇ ಇಲ್ಲ. ಕ್ಲೋರಮಿನ್‌ಗೆ ಅಷ್ಟು ಬಲ ಇಲ್ಲ. ಆ ಬಲ ಹೋದ ಕೂಡಲೇ ಪದರಕ್ಕೆ ನಿಲ್ಲೋ ಆಧಾರ ತಪ್ಪಿತು, ಕರಗುವ ರೂಪಕ್ಕೆ ತಿರುಗಿ ನೀರಿಗೆ ಇಳೀತು. ಇಪಿಎಯ ರಸಾಯನ ವಿಜ್ಞಾನಿ ಮೈಕೆಲ್ ಶಾಕ್ ಇದನ್ನು ಗುರುತಿಸುವ ಹೊತ್ತಿಗೆ ಮೂರು ವರ್ಷ ಕಳೆದಿತ್ತು. ನೀರಿಗೆ ಬಣ್ಣ ಬರಲಿಲ್ಲ, ವಾಸನೆ ಬರಲಿಲ್ಲ, ರುಚಿ ಬದಲಾಗಲಿಲ್ಲ. ಸೀಸದ ಗುಣವೇ ಅದು.

ಪಿ-90 ಹಸಿರಾಗಿದ್ದರೆ ಸಾಕೇ?

ಅಮೆರಿಕದಲ್ಲಿ ಇದನ್ನು ಹಿಡಿಯೋಕೆ ಅಂತಲೇ 1991ರ ಒಂದು ನಿಯಮ ಇತ್ತು. ಅಪಾಯ ಇರುವ ಕೆಲವು ಮನೆಗಳನ್ನು ಆರಿಸಿ, ರಾತ್ರಿಯಿಡೀ ಪೈಪಿನಲ್ಲಿ ನಿಂತ ನೀರಿನ ಮೊದಲ ಒಂದು ಲೀಟರ್ ಹಿಡಿದು ಅಳೆಯಬೇಕು. ಎಲ್ಲ ಫಲಿತಾಂಶಗಳನ್ನು ಕಡಿಮೆಯಿಂದ ಹೆಚ್ಚಿಗೆ ಜೋಡಿಸಿದಾಗ ತೊಂಬತ್ತನೇ ಪರ್ಸೆಂಟೈಲ್‌ನ ಅಂಕಿ 15 ಪಿಪಿಬಿ, ಅಂದರೆ ಲೀಟರಿಗೆ 15 ಮೈಕ್ರೋಗ್ರಾಂ ದಾಟಬಾರದು. ದಾಟಿದರೆ ಜನರಿಗೆ ತಿಳಿಸಬೇಕು, ಕ್ರಮ ತಗೋಬೇಕು.

ನಿಮ್ಮಲ್ಲಿ ಬಹಳ ಜನ ದಿನಾ ಬೆಳಗ್ಗೆ ಪಿ-90 ಲೇಟೆನ್ಸಿ ಗ್ರಾಫ್ ನೋಡುವವರು. ಸರ್ವರ್‌ಗೆ ಅದು ಸರಿ. ನಿಧಾನ ಲೋಡ್ ಆದ ಪುಟವನ್ನು ಬಳಕೆದಾರ ಇನ್ನೊಂದು ಸಲ ಒತ್ತುತ್ತಾನೆ. ನೀರಿಗೆ ಇದೇ ಅಳತೆ ಹಾಕಿದರೆ ಏನಾಗುತ್ತೆ ನೋಡಿ: ನೂರು ಮನೆಯಲ್ಲಿ ತೊಂಬತ್ತು ಮನೆ ಸರಿ ಇದ್ದರೆ, ಉಳಿದ ಹತ್ತು ಮನೆಯಲ್ಲಿ ಎಷ್ಟೇ ಸೀಸ ಇದ್ದರೂ ಊರು ಪಾಸ್. ಆ ಹತ್ತು ಮನೆಯ ಮಗು ಇನ್ನೊಂದು ಸಲ ಒತ್ತೋಕಾಗಲ್ಲ. ಇನ್ನೊಂದು ತೊಂದರೆ: ಯಾವ ಮನೆಯ ಮಾದರಿ ಲೆಕ್ಕಕ್ಕೆ ಬರುತ್ತೆ, ಯಾವುದು ಬರಲ್ಲ ಅನ್ನೋದು ಅಳೆಯುವವರ ಕೈಯಲ್ಲೇ ಇತ್ತು.

ಇಷ್ಟೆಲ್ಲ ಸಡಿಲ ಇದ್ದೂ ವಾಷಿಂಗ್ಟನ್ ಫೇಲಾಯಿತು. ಜೂನ್ 2002ಕ್ಕೆ ಮುಗಿದ ಒಂದು ವರ್ಷದ ಅಳತೆಯಲ್ಲಿ ತೊಂಬತ್ತನೇ ಪರ್ಸೆಂಟೈಲ್ 75 ಪಿಪಿಬಿ ಬಂತು, ಮಿತಿಯ ಐದು ಪಟ್ಟು. ಅಂಕಿ ಇಪಿಎಗೆ ಹೋಯಿತು. ಜನರಿಗೂ ಕಾನೂನಿನ ಪ್ರಕಾರ ಕರಪತ್ರ ಹೋಯಿತು. ಆದರೆ ಓದಿದವರಿಗೆ ಗಾಬರಿಯಾಗುವಂಥ ಮಾತು ಅದರಲ್ಲಿ ಇರಲಿಲ್ಲ. ಜಲಮಂಡಳಿಯಲ್ಲಿ ನೀರಿನ ಗುಣಮಟ್ಟ ನೋಡಿಕೊಳ್ಳುತ್ತಿದ್ದ ಸೀಮಾ ಭಟ್ ಅನ್ನುವವರು ಮೇಲಿನವರನ್ನೂ ಇಪಿಎಯನ್ನೂ ಎಚ್ಚರಿಸಿದ್ದರು. 2003ರಲ್ಲಿ ಅವರನ್ನು ಕೆಲಸದಿಂದ ತೆಗೆದರು. ಆಮೇಲೆ ಕಾರ್ಮಿಕ ಇಲಾಖೆಯ ತನಿಖೆ ಅವರ ಪರವಾಗಿ ಬಂತು.

ನಿಜ ಹೊರಗೆ ಬಂದದ್ದು ಬೇರೆ ದಾರಿಯಲ್ಲಿ. ವರ್ಜೀನಿಯಾ ಟೆಕ್‌ನ ಪ್ರೊಫೆಸರ್ ಮಾರ್ಕ್ ಎಡ್ವರ್ಡ್ಸ್ ಲೋಹ ಸವೆತದ ತಜ್ಞ. ವಾಷಿಂಗ್ಟನ್ ಮನೆಗಳ ತಾಮ್ರದ ಪೈಪುಗಳಲ್ಲಿ ಸೂಜಿಮೊನೆಯಷ್ಟು ತೂತು ಬೀಳೋದು ಯಾಕೆ ಅಂತ ನೋಡೋಕೆ 2003ರಲ್ಲಿ ಹೋದವರು. ಅಲ್ಲೇ ಸೀಸವನ್ನೂ ಅಳೆದರು. ಅವರ ಮೀಟರಿನ ಮಾಪಕ ಮುಗಿದುಹೋಯಿತು, ನೀರನ್ನು ತೆಳುಮಾಡಿ ಮತ್ತೆ ಅಳೆಯಬೇಕಾಯಿತು.

ಅವರು ಕಂಡುಕೊಂಡ ಇನ್ನೊಂದು ಸಂಗತಿ ಮುಖ್ಯ. ಜಲಮಂಡಳಿ ಜನರಿಗೆ ಹೇಳಿದ್ದು: ಕುಡಿಯೋಕೆ ಮುಂಚೆ ನಲ್ಲಿಯನ್ನು ಸ್ವಲ್ಪ ಹೊತ್ತು, ಅರ್ಧ ಒಂದು ನಿಮಿಷ, ಬಿಟ್ಟು ಆಮೇಲೆ ಹಿಡಿಯಿರಿ. ಎಡ್ವರ್ಡ್ಸ್ ಸೆಕೆಂಡುಗಳ ಲೆಕ್ಕದಲ್ಲಿ ಒಂದರ ಹಿಂದೊಂದು ಮಾದರಿ ಹಿಡಿದರು. ಮೊದಲು ಬರೋದು ಮನೆಯೊಳಗಿನ ಪೈಪಿನ ನೀರು. ರಸ್ತೆಗೂ ಮನೆಗೂ ನಡುವಿನ ಸೀಸದ ಪೈಪಿನಲ್ಲಿ ರಾತ್ರಿ ನಿಂತ ನೀರು ನಲ್ಲಿಗೆ ತಲುಪೋಕೆ ಸುಮಾರು ಅಷ್ಟೇ ಹೊತ್ತು ಬೇಕು. ಅಂದರೆ ಸಲಹೆ ಪಾಲಿಸಿದವರ ಲೋಟಕ್ಕೆ ಬಿದ್ದದ್ದೇ ಅತಿ ಕೆಟ್ಟ ನೀರು. ನಿಯಮ ಅಳೆಯುತ್ತಿದ್ದ ಮೊದಲ ಲೀಟರಿಗೂ ಆ ನೀರು ಪೂರ್ತಿ ಸಿಕ್ಕುತ್ತಿರಲಿಲ್ಲ.

ಇಪಿಎ ಮೂಲಕ ಬರುತ್ತಿದ್ದ ಹಣ ನಿಂತಿತು. ಎಡ್ವರ್ಡ್ಸ್ ಕೈಯಿಂದ ಖರ್ಚು ಮಾಡಿ ಕೆಲಸ ಮುಂದುವರಿಸಿದರು. 31 ಜನವರಿ 2004ರಂದು ವಾಷಿಂಗ್ಟನ್ ಪೋಸ್ಟ್‌ನ ಮುಖಪುಟದಲ್ಲಿ ಸುದ್ದಿ ಬಂತು: ಹಿಂದಿನ ಬೇಸಿಗೆಯಲ್ಲಿ ಪರೀಕ್ಷೆ ಮಾಡಿದ 6,118 ಮನೆಗಳಲ್ಲಿ 4,075 ಮನೆಗಳ ನೀರು ಮಿತಿ ದಾಟಿದೆ. ಮೂರರಲ್ಲಿ ಎರಡು ಮನೆ. ಊರಿಗೆ ಊರೇ ಫಿಲ್ಟರ್ ಕೊಳ್ಳೋಕೆ ಓಡಿತು.

ಯಾರಿಗೂ ಏನೂ ಆಗಿಲ್ಲ ಅಂದ ವರದಿ

ಈಗ ಕತೆಯ ಅತಿ ಬೇಸರದ ಭಾಗ. ಜನ ಕೇಳಿದ್ದು ಒಂದೇ ಪ್ರಶ್ನೆ: ನಮ್ಮ ಮಕ್ಕಳಿಗೆ ಏನಾಗಿದೆ?

ಸೀಸ ದೇಹದೊಳಗೆ ಕ್ಯಾಲ್ಸಿಯಂನ ವೇಷ ಹಾಕುತ್ತೆ. ಮೂಳೆಗೆ ಹೋಗುತ್ತೆ, ಬೆಳೆಯುವ ಮಿದುಳಿಗೂ ಹೋಗುತ್ತೆ. ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಸೀಸವನ್ನು ಚಿಕ್ಕ ಮಕ್ಕಳ ದೇಹ ಹೀರಿಕೊಳ್ಳಬಲ್ಲದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಕಲಿಕೆ, ಗಮನ, ಬುದ್ಧಿಯ ಮೇಲೆ ಆಗೋ ಹಾನಿ ತಿರುಗಿ ಸರಿಯಾಗಲ್ಲ. ಇಷ್ಟಿದ್ದರೆ ಪರವಾಗಿಲ್ಲ ಅನ್ನೋ ಸುರಕ್ಷಿತ ಮಟ್ಟ ಯಾವುದೂ ಗೊತ್ತಿಲ್ಲ. ಪುಡಿಹಾಲನ್ನು ನಲ್ಲಿ ನೀರಿನಲ್ಲಿ ಕಲಸಿ ಕುಡಿಸುವ ಕೂಸುಗಳಿಗೆ ಅಪಾಯ ಎಲ್ಲಕ್ಕಿಂತ ಹೆಚ್ಚು, ಯಾಕಂದರೆ ಅವರ ಊಟವೆಲ್ಲ ಆ ನೀರೇ.

ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಏಪ್ರಿಲ್ 2004ರಲ್ಲಿ ವರದಿ ಕೊಟ್ಟಿತು. ನೀರಿನಲ್ಲಿ 300 ಪಿಪಿಬಿಗಿಂತ ಹೆಚ್ಚು ಸೀಸ ಇದ್ದ ಮನೆಗಳ 201 ಜನರ ರಕ್ತ ನೋಡಿದೆವು, ಆತಂಕದ ಮಟ್ಟ ಯಾರಲ್ಲೂ ಇಲ್ಲ ಅಂತ. ಎಲ್ಲರೂ ಉಸಿರು ಬಿಟ್ಟರು. ನೀರಿನಲ್ಲಿ ಸೀಸ ಇದ್ದರೂ ಅಷ್ಟೇನೂ ಹಾನಿಯಿಲ್ಲ ಅಂತ ಬೇರೆ ಊರಿನವರೂ ಈ ವರದಿಯನ್ನು ತೋರಿಸೋಕೆ ಶುರು ಮಾಡಿದರು.

ಆದರೆ ರಕ್ತ ತೆಗೆದದ್ದು ಯಾವಾಗ? ಸುದ್ದಿ ಸ್ಫೋಟ ಆದ ಮೇಲೆ, ಫೆಬ್ರವರಿ ಮಾರ್ಚ್‌ನಲ್ಲಿ. ಅವರಲ್ಲಿ ಬಹಳ ಜನ ಆಗಲೇ ತಿಂಗಳುಗಳಿಂದ ಬಾಟಲಿ ನೀರಿಗೋ ಫಿಲ್ಟರಿಗೋ ಹೋಗಿಬಿಟ್ಟಿದ್ದರು. ರಕ್ತದಲ್ಲಿ ಸೀಸದ ಅರ್ಧಾಯು ಸುಮಾರು ಒಂದು ತಿಂಗಳು. ಆಮೇಲೆ ಅದು ರಕ್ತದಲ್ಲಿ ಕಾಣಲ್ಲ, ಮೂಳೆಯಲ್ಲಿ ಕೂತಿರುತ್ತೆ. ಸರ್ವರ್ ರೀಸ್ಟಾರ್ಟ್ ಆದಮೇಲೆ ಲಾಗ್ ತೆಗೆದು ನೋಡಿ, ಎರರ್ ಇಲ್ಲವಲ್ಲ ಅಂದ ಹಾಗೆ. ಅದೂ ಅಲ್ಲದೆ, ವರದಿ ನೆಚ್ಚಿಕೊಂಡ 2003ರ ದತ್ತಾಂಶದಲ್ಲಿ ಸಾವಿರಾರು ಮಕ್ಕಳ ರಕ್ತಪರೀಕ್ಷೆಗಳು ಕಾಣೆಯಾಗಿದ್ದವು.

ಎಡ್ವರ್ಡ್ಸ್ ಆ ಅಂಕಿಗಳ ಹಿಂದೆ ಬಿದ್ದರು. 2007ರಲ್ಲಿ ಅವರಿಗೆ ಮ್ಯಾಕ್‌ಆರ್ಥರ್ ಫೆಲೋಶಿಪ್ ಬಂತು, ಹಣದ ಚಿಂತೆ ಸ್ವಲ್ಪ ತೀರಿತು. ಅಲ್ಲಿನ ಮಕ್ಕಳ ಆಸ್ಪತ್ರೆಯ ದತ್ತಾಂಶ ಪಡೆದು, ಜೊತೆಗಾರರೊಡನೆ 2009ರಲ್ಲಿ ಪ್ರಬಂಧ ಪ್ರಕಟಿಸಿದರು. ಸುಮಾರು ಒಂದೂಕಾಲು ವರ್ಷದೊಳಗಿನ ಕೂಸುಗಳಲ್ಲಿ ರಕ್ತದ ಸೀಸ ಆತಂಕದ ಮಟ್ಟ ದಾಟಿದ ಪ್ರಕರಣಗಳು, 2000ಕ್ಕೆ ಹೋಲಿಸಿದರೆ 2001ರಿಂದ 2003ರವರೆಗೆ ನಾಲ್ಕು ಪಟ್ಟಿಗಿಂತ ಹೆಚ್ಚಾಗಿದ್ದವು. ಮೇ 2010ರಲ್ಲಿ ಅಮೆರಿಕದ ಸಂಸತ್ತಿನ ಉಪಸಮಿತಿ ಸಿಡಿಸಿ ವರದಿಯನ್ನು ಕಟುವಾಗಿ ಟೀಕಿಸಿತು. ಆರು ವರ್ಷದ ಮೇಲೆ ಸಿಡಿಸಿ ಸ್ಪಷ್ಟೀಕರಣ ಕೊಟ್ಟಿತು. 2001ರಲ್ಲಿ ಹುಟ್ಟಿದ ಕೂಸು ಆ ಹೊತ್ತಿಗೆ ಮೂರನೇ ನಾಲ್ಕನೇ ಕ್ಲಾಸಿನಲ್ಲಿ ಓದುತ್ತಿತ್ತು.

ಅರ್ಧ ಪೈಪು ಮತ್ತು ಫ್ಲಿಂಟ್

ಪರಿಹಾರ ಆಗಸ್ಟ್ 2004ರಲ್ಲೇ ಶುರುವಾಗಿತ್ತು. ನೀರಿಗೆ ಆರ್ಥೋಫಾಸ್ಫೇಟ್ ಸೇರಿಸಿದರು. ಅದು ಪೈಪಿನೊಳಗೆ ಕರಗದ ಹೊಸ ಪೊರೆ ಕಟ್ಟುತ್ತೆ. ಸೀಸದ ಅಂಕಿ ಇಳೀತು. ಜೊತೆಗೆ ಪೈಪು ಬದಲಿಸೋ ಕೆಲಸಕ್ಕೆ ನೂರು ದಶಲಕ್ಷ ಡಾಲರಿಗೂ ಹೆಚ್ಚು ಸುರಿದರು. ಆದರೆ ಬಹುಪಾಲು ಕಡೆ ಬದಲಿಸಿದ್ದು ಸರ್ಕಾರಿ ಜಾಗದ ಅರ್ಧವನ್ನು ಮಾತ್ರ. ಗಡಿ ದಾಟಿದ ಮೇಲಿನ ಅರ್ಧ ಮನೆಯವರದು, ಬೇಕಿದ್ದರೆ ಅವರೇ ದುಡ್ಡು ಕೊಡಬೇಕು. ಹಳೇ ಸೀಸಕ್ಕೆ ಹೊಸ ತಾಮ್ರ ಜೋಡಿಸಿದರೆ ಆ ಸಂದು ಬ್ಯಾಟರಿಯ ಹಾಗೆ ಕೆಲಸ ಮಾಡಿ ಸೀಸವನ್ನು ಇನ್ನೂ ಸವೆಸಬಹುದು. ಕತ್ತರಿಸೋವಾಗಿನ ಅಲುಗಾಟಕ್ಕೆ ಪೊರೆಯೂ ಉದುರುತ್ತೆ. ಅರ್ಧ ಪೈಪು ಬದಲಿಸಿದ್ದರಿಂದ ಮಕ್ಕಳಿಗೆ ಅಪಾಯ ಕಡಿಮೆಯಾಗಲಿಲ್ಲ ಅಂತ ಸಿಡಿಸಿಯವರೇ ಆಮೇಲೆ ಬರೆದರು.

ಇಷ್ಟೆಲ್ಲ ಕಲಿತ ದೇಶದಲ್ಲೇ ಫ್ಲಿಂಟ್ ನಡೀತು. 25 ಏಪ್ರಿಲ್ 2014ರಂದು ಮಿಶಿಗನ್ ರಾಜ್ಯದ ಆ ಊರು ಖರ್ಚು ಉಳಿಸೋಕೆ ಡೆಟ್ರಾಯಿಟ್ ನೀರು ಬಿಟ್ಟು ಫ್ಲಿಂಟ್ ನದಿಗೆ ಬದಲಾಯಿತು. ಸವೆತ ತಡೆಯೋ ಫಾಸ್ಫೇಟ್ ಹಾಕಲಿಲ್ಲ. ಅದೇ ಅಕ್ಟೋಬರ್‌ನಲ್ಲಿ ಜನರಲ್ ಮೋಟಾರ್ಸ್ ತನ್ನ ಎಂಜಿನ್ ಭಾಗಗಳು ಸವೆಯುತ್ತಿವೆ ಅಂತ ಆ ನೀರು ಬಿಟ್ಟಿತು. ಮನುಷ್ಯರಿಗೆ ಮಾತ್ರ ಇನ್ನೊಂದು ವರ್ಷ ಅದೇ ನೀರು. ಅಲ್ಲೂ ಲೆಕ್ಕ ಕಟ್ಟುವಾಗ ಎರಡು ಮಾದರಿಗಳನ್ನು ಕೈಬಿಟ್ಟಿದ್ದರಿಂದ ತೊಂಬತ್ತನೇ ಪರ್ಸೆಂಟೈಲ್ ಮಿತಿಯೊಳಗೆ ಇಳಿದಿತ್ತು. ಅಲ್ಲಿಯ ತಾಯಿ ಲೀಆನ್ ವಾಲ್ಟರ್ಸ್ ಛಲ ಬಿಡದೆ ಮನೆಯ ನೀರು ಪರೀಕ್ಷೆ ಮಾಡಿಸಿದರು. ಎಡ್ವರ್ಡ್ಸ್ ತಂಡ ಊರಿನ ನಲ್ಲಿಗಳನ್ನು ಅಳೆಯಿತು. ಮಕ್ಕಳ ವೈದ್ಯೆ ಮೋನಾ ಹನ್ನಾ-ಅತೀಶಾ ರಕ್ತದ ಅಂಕಿಗಳನ್ನು ಜೋಡಿಸಿ 24 ಸೆಪ್ಟೆಂಬರ್ 2015ರಂದು ಪತ್ರಕರ್ತರ ಮುಂದೆ ಇಟ್ಟರು. ಮೂರು ವಾರದಲ್ಲಿ ಊರು ಡೆಟ್ರಾಯಿಟ್ ನೀರಿಗೆ ಮರಳಿತು. ಸೀಸದ ಪೈಪುಗಳನ್ನೆಲ್ಲ ಸುಮಾರು ಹತ್ತು ವರ್ಷದಲ್ಲಿ ತೆಗೆಯಬೇಕು ಅನ್ನೋ ನಿಯಮವನ್ನು ಇಪಿಎ ಹೊರಡಿಸಿದ್ದು 2024ರಲ್ಲಿ.

ನಮ್ಮ ನಲ್ಲಿಯ ಮಾತು

ಇದು ಅಮೆರಿಕದ ಕತೆ, ನಮ್ಮಲ್ಲಿ ಸೀಸದ ಸರ್ವಿಸ್ ಲೈನ್ ಅಷ್ಟಾಗಿ ಇಲ್ಲವಲ್ಲ ಅಂತ ನೀವು ಕೇಳಬಹುದು. ನಿಜ. ನಮ್ಮ ಮನೆಗಳ ಸೀಸಕ್ಕೆ ಬೇರೆ ದಾರಿಗಳಿವೆ. ಪಿವಿಸಿ ಪೈಪು ಬಿಸಿಗೆ ಕೆಡದಿರಲಿ ಅಂತ ತಯಾರಿಸುವಾಗ ಸೀಸದ ಲವಣ ಸೇರಿಸೋ ಪದ್ಧತಿ ಇಲ್ಲಿ ಬಹಳ ಕಾಲ ಇತ್ತು. ಅದನ್ನು ನಿಲ್ಲಿಸೋಕೆ ಕೇಂದ್ರ ಸರ್ಕಾರ ಪ್ರತ್ಯೇಕ ನಿಯಮ ತಂದದ್ದು 2021ರಲ್ಲಿ. ಅದಕ್ಕಿಂತ ಮುಂಚೆ ಕಟ್ಟಿದ ಅಪಾರ್ಟ್‌ಮೆಂಟುಗಳ ಗೋಡೆಯೊಳಗೆ ಯಾವ ಪೈಪು ಇದೆ ಅಂತ ನೋಡಿ ಹೇಳೋಕಾಗಲ್ಲ. ಅಗ್ಗದ ಹಿತ್ತಾಳೆ ನಲ್ಲಿಗಳಲ್ಲೂ ಸೀಸ ಇರಬಹುದು.

ಸೀಸದ ವಿಷಯದಲ್ಲಿ ನಮ್ಮ ದೇಶಕ್ಕೆ ಎಚ್ಚರ ಕೊಟ್ಟ ಕೆಲಸ ನಡೆದದ್ದು ಬೆಂಗಳೂರಿನಲ್ಲೇ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಜೀವರಸಾಯನ ಪ್ರಾಧ್ಯಾಪಕ ಡಾ. ತುಪ್ಪಿಲ್ ವೆಂಕಟೇಶ್ ಮತ್ತು ಜಾರ್ಜ್ ಫೌಂಡೇಶನ್ 1990ರ ದಶಕದ ಕೊನೆಗೆ ಬೆಂಗಳೂರು, ಮುಂಬೈ, ಚೆನ್ನೈ, ಹೈದರಾಬಾದ್, ದೆಹಲಿ ಮೊದಲಾದ ಊರುಗಳಲ್ಲಿ ರಕ್ತ ಪರೀಕ್ಷೆ ನಡೆಸಿದರು. ಹನ್ನೆರಡು ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ರಕ್ತದಲ್ಲಿ ಸೀಸ ಆಗಿನ ಆತಂಕದ ಮಟ್ಟ ದಾಟಿತ್ತು. ಆಗ ದೊಡ್ಡ ಆರೋಪಿ ಪೆಟ್ರೋಲ್. 2000ದಲ್ಲಿ ದೇಶದಲ್ಲೆಲ್ಲ ಸೀಸರಹಿತ ಪೆಟ್ರೋಲ್ ಬಂತು. ಅಳೆದದ್ದರಿಂದ ಕಂಡಿತು, ಕಂಡದ್ದರಿಂದ ಬದಲಾಯಿತು.

ಈಗ ನಮ್ಮ ಅಡುಗೆಮನೆಗೆ ಬನ್ನಿ. ನಾವೆಲ್ಲ ಟಿಡಿಎಸ್ ಮೀಟರ್ ಹಿಡಿದುಕೊಂಡು ನೀರಿಗೆ ಮಾರ್ಕ್ಸ್ ಕೊಡುವವರು. ಟಿಡಿಎಸ್ ಲೆಕ್ಕ ಲೀಟರಿಗೆ ನೂರಾರು ಮಿಲಿಗ್ರಾಂ ಲವಣದ್ದು. ನಮ್ಮ ಕುಡಿಯುವ ನೀರಿನ ಮಾನಕ ಐಎಸ್ 10500ರಲ್ಲಿ ಸೀಸದ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಮೀಟರ್ 180 ತೋರಿಸಿದರೆ, ಆ 180ರಲ್ಲಿ ಮಿತಿಯ ಹತ್ತು ಪಟ್ಟು ಸೀಸ ಇದ್ದರೂ ಅದು 0.1 ಮಾತ್ರ. ಮುಳ್ಳು ಅಲ್ಲಾಡೋದೂ ಇಲ್ಲ. ಕಾಯಿಸಿದರೂ ಸೀಸ ಹೋಗಲ್ಲ, ನೀರು ಆವಿಯಾದಷ್ಟು ಅದರ ಸಾಂದ್ರತೆ ಏರುತ್ತೆ. ಬಿಸಿನೀರು ಲೋಹವನ್ನು ಹೆಚ್ಚು ಕರಗಿಸೋದರಿಂದ ಗೀಸರ್ ನಲ್ಲಿಯ ನೀರನ್ನು ಅಡುಗೆಗೆ, ಮಗುವಿನ ಹಾಲಿಗೆ ಬಳಸಬಾರದು. ಸರಿಯಾಗಿ ನೋಡಿಕೊಂಡ ಆರ್‌ಓ ಸೀಸವನ್ನು ಬಹುಪಾಲು ತೆಗೆಯುತ್ತೆ. ಆದರೆ ಅನ್ನಕ್ಕೆ, ಸಾರಿಗೆ ನಾವು ಹಾಕೋದು ಎಷ್ಟೋ ಸಲ ನೇರ ನಲ್ಲಿಯ ನೀರನ್ನೇ.

ಮನೆಯಲ್ಲಿ ಕೂಸು ಇದ್ದರೆ, ಬಸುರಿ ಇದ್ದರೆ ಒಂದು ಸಲ ಮಾನ್ಯತೆ ಪಡೆದ ಲ್ಯಾಬಿನಲ್ಲಿ ಸೀಸದ ಪರೀಕ್ಷೆ ಅಂತಲೇ ಕೇಳಿ ಮಾಡಿಸಿ. ಸಾಮಾನ್ಯ ನೀರಿನ ಪರೀಕ್ಷೆಯಲ್ಲಿ ಅದು ಇರಲೇಬೇಕು ಅಂತೇನಿಲ್ಲ. ಸಂಪಿನಿಂದ ಬೇಡ, ನೀವು ಕುಡಿಯುವ ನಲ್ಲಿಯಿಂದಲೇ ಹಿಡಿಯಿರಿ. ಬೆಳಗ್ಗೆ ಯಾರೂ ನೀರು ಬಿಡೋ ಮೊದಲು ಒಂದು ಬಾಟಲಿ, ಸ್ವಲ್ಪ ಹರಿದ ಮೇಲೆ ಇನ್ನೊಂದು ಬಾಟಲಿ. ಎರಡರ ನಡುವಿನ ವ್ಯತ್ಯಾಸ ಸೀಸ ಎಲ್ಲಿಂದ ಬರುತ್ತಿದೆ ಅನ್ನೋದನ್ನೂ ಹೇಳುತ್ತೆ. ಸೊಸೈಟಿಯಲ್ಲಿ ಮೂರ್ನಾಲ್ಕು ಮನೆಯವರು ಸೇರಿ ಬೇರೆ ಬೇರೆ ಮಹಡಿಯಿಂದ ಮಾಡಿಸಿದರೆ ಇನ್ನೂ ಒಳ್ಳೇದು.

ವಾಷಿಂಗ್ಟನ್‌ನಲ್ಲಿ ಘಟಕದಿಂದ ಹೊರಟ ನೀರಿಗೆ ಸರ್ಟಿಫಿಕೇಟ್ ಇತ್ತು, ಊರಿಗೆ ನಿಯಮ ಇತ್ತು, ಸಂಸ್ಥೆಗಳೂ ಇದ್ದವು. ಇರಲಿಲ್ಲದ್ದು ಒಂದೇ, ಮಗುವಿನ ಲೋಟದ ಹತ್ತಿರ ನಿಂತು ಅಳೆಯುವವರು. ನಮ್ಮ ಊರುಗಳಲ್ಲಿ ಗೇಟಿನವರೆಗಿನ ನೀರಿಗೆ ಕಾರ್ಪೊರೇಷನ್ ಇದೆ. ಗೇಟಿನಿಂದ ಲೋಟದವರೆಗೆ ಸಂಪು, ಟ್ಯಾಂಕು, ಪೈಪು, ನಲ್ಲಿ ಎಲ್ಲ ನಮ್ಮದೇ. ಅದನ್ನು ಅಳೆಯೋ ಕೆಲಸವೂ ನಮ್ಮದೇ.